ಕಿಡಿ ನಿಂತ ಮೇಲೆ

ಅಥವಾ ವಾಸನೆ ಬೇಡ ಎಂದವಳು ಹೆಂಡತಿಯಲ್ಲ, ಮಗಳೇ ಇರಬಹುದು. ಹಾಗಿದ್ದರೆ ಎಲ್ಲವೂ ಒಂದು ದಿನ ಮುಂದಕ್ಕೆ ಸರಿಯುತ್ತದೆ. ಒಂದು ದಿನ ಸರಿದರೆ, ನಾನು ತಗಡು ಉಜ್ಜುವ ಗ್ರೈಂಡರ್ ಹಚ್ಚಿದ ಹೊತ್ತಿಗೆ ಮನೆ ಖಾಲಿ ಇರಲಿಲ್ಲ. ಎಂಟು ತಿಂಗಳ ಬಸುರಿ ಮಗಳು ನಡುಮನೆಯ ಕಿಟಕಿಯ ಪಕ್ಕ ಕೂತಿದ್ದಳು, ಕಾರಿನ ಬಾಗಿಲಿಂದ ಎದ್ದ ಧೂಳಿಗೂ ಆ ಕಿಟಕಿಗೂ ನಡುವೆ ಎಂಟು ಹೆಜ್ಜೆ ಇತ್ತು.

ತೊಂದರೆ ಏನೆಂದರೆ ನನಗೆ ಎರಡೂ ನೆನಪಿದೆ. ಖಾಲಿ ಮನೆಯೂ ನೆನಪಿದೆ, ಕಿಟಕಿಯಲ್ಲಿ ಕೂತ ಮಗಳೂ ನೆನಪಿದ್ದಾಳೆ. ಒಂದೇ ಇದ್ದಿದ್ದರೆ ನಂಬಿಬಿಡುತ್ತಿದ್ದೆ.

ಖಚಿತವಾಗಿ ಗೊತ್ತಿರುವಲ್ಲಿಂದ ಶುರು ಮಾಡುತ್ತೇನೆ. ಸೋಮವಾರ ಬೆಳಿಗ್ಗೆ ಶೆಟ್ಟಿಹಳ್ಳಿಯ ನಮ್ಮ ಮನೆ ಮುಂದೆ ಒಂದು ಟೆಂಪೊ ಬಂದು ನಿಂತಿತು. ಅದರೊಳಗೆ ಹಳೆಯ ಕಾರೊಂದರ ನಾಲ್ಕು ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳ ಇದ್ದವು. ಕಾರಿನ ಮಾಲೀಕರು ಆರ್.ಟಿ. ನಗರದವರು, ಬ್ಯಾಂಕಿನಿಂದ ನಿವೃತ್ತರಾದವರು. ಪ್ರತಿ ಬಾಗಿಲಿನ ಕೆಳಗೂ ಹಳೆ ಕಂಬಳಿ ಹಾಸಿಕೊಂಡು ತಂದಿದ್ದರು. ಬಣ್ಣವೆಲ್ಲ ಗುಳ್ಳೆ ಎದ್ದು ಉದುರುತ್ತಿದ್ದ ತಗಡನ್ನು ಗಾಜಿನ ಸಾಮಾನಿನ ಹಾಗೆ ಇಳಿಸಿಕೊಳ್ಳಲು ಹೇಳಿದರು.

"ಒಂದ್ ಚೂರೂ ಹಳೇ ಬಣ್ಣ ಉಳೀಬಾರ್ದು ನೋಡಿ. ಬರೀ ತಗಡು ಕಾಣ್ಬೇಕು. ಮೇಲ್ ಮೇಲೆ ಉಜ್ಜಿ ಹೊಡ್ಸಿ ಹೊಡ್ಸಿ ಸಾಕಾಗಿದೆ, ಎರಡು ಮಳೆಗಾಲಕ್ಕೆ ಮತ್ತೆ ಗುಳ್ಳೆ."

"ಒರಿಜಿನಲ್ ಬಣ್ಣ ಯಾವ್ದು ಸಾರ್?"

"ನಾನು ಮೂರನೇ ಓನರ್ ಕಣ್ರೀ. ನನ್ ಕೈಗೆ ಬಂದಾಗ ಮೆರೂನ್. ಅದಕ್ ಮುಂಚೆ ಯಾರ್ಯಾರು ಏನೇನ್ ಬಳಿದ್ರೋ, ದೇವರಿಗೇ ಗೊತ್ತು."

ನಾನು ಕೆಲಸ ಮಾಡುತ್ತಿದ್ದ ಯಶವಂತಪುರದ ಗ್ಯಾರೇಜು ಮುಚ್ಚಿ ನಾಲ್ಕು ತಿಂಗಳಾಗಿತ್ತು. ಜಾಗದ ಯಜಮಾನ ಅಲ್ಲಿ ಕಟ್ಟಡ ಎಬ್ಬಿಸುತ್ತಿದ್ದ. ಡೆಂಟು ತೆಗೆಯುವುದು, ಬಣ್ಣ ಹೊಡೆಯುವುದು ಬಿಟ್ಟು ನನಗೆ ಬೇರೆ ಕೆಲಸ ಬರುವುದಿಲ್ಲ. ಮನೆಯ ಪೋರ್ಟಿಕೋದಲ್ಲೇ ಎರಡು ಡ್ರಮ್ಮು ನಿಲ್ಲಿಸಿ, ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಹಳೆ ಹಾಸಿಗೆ ಹಾಸಿದೆ. ಮನೆಯಲ್ಲಿ ಹಿಡಿದ ಮೊದಲ ದೊಡ್ಡ ಕೆಲಸ ಇದು. ಬಲಗಡೆ ನಡುಮನೆಯ ಕಿಟಕಿ. ಎಡಗಡೆ, ಪೋರ್ಟಿಕೋದ ಕಂಬದಿಂದ ಅಂಗಳದ ನುಗ್ಗೆಮರಕ್ಕೆ ಬಿಗಿದ ಬಟ್ಟೆ ಒಣಗಿಸುವ ತಂತಿ. ಕಿಟಕಿ ಮತ್ತು ತಂತಿ, ಇವೆರಡನ್ನು ನೆನಪಿಟ್ಟುಕೊಂಡರೆ ಸಾಕು. ಉಳಿದದ್ದೆಲ್ಲ ಇವೆರಡರ ನಡುವೆ ನಡೆದದ್ದು.

ಮಂಗಳವಾರ ಬಾನೆಟ್ಟಿನಿಂದ ಶುರು ಮಾಡಿದೆ, ಪೇಂಟ್ ರಿಮೂವರ್ ಹಾಕಿ. ಅದು ಗಂಜಿಯ ಹಾಗೆ ಮಂದವಾದ ದ್ರಾವಣ. ಬ್ರಷ್ಷಿನಲ್ಲಿ ದಪ್ಪಗೆ, ಒಂದೇ ದಿಕ್ಕಿಗೆ ಹಚ್ಚಬೇಕು. ಹಿಂದಕ್ಕೂ ಮುಂದಕ್ಕೂ ಎಳೆದರೆ ಅದರ ಶಕ್ತಿ ಗಾಳಿಗೆ ಹೋಗುತ್ತದೆ. ಹಚ್ಚಿದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅರ್ಧ ಗಂಟೆ ಮುಟ್ಟದೆ ಬಿಡಬೇಕು. ಹಾಳೆಯ ಕೆಳಗೆ ಬಣ್ಣ ಕಾದ ಹಾಲಿನ ಕೆನೆಯಂತೆ ಸುಕ್ಕಾಗಿ ಮೇಲೇಳುತ್ತದೆ. ಆಗ ಕೆರೆಯುವ ಪಟ್ಟಿಯನ್ನು ಮಲಗಿಸಿ ಹಿಡಿದು ತಳ್ಳಿದರೆ ಅಗಲಗಲವಾಗಿ ಬರುತ್ತದೆ. ಮೆರೂನ್ ಬಂತು. ಅದರ ಕೆಳಗೆ ಕೆನೆಬಣ್ಣ. ಎರಡನೇ ಸಲ ಹಚ್ಚಿದ ಮೇಲೆ ಬೂದಿ ಬೆರೆತಂಥ ನೀಲಿ. ಪದರದ ಕೆಳಗೆ ಪದರ, ನೆನಪೂ ಹೀಗೆಯೇ ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ನನಗೂ ಆಯಿತು, ಬರೆದು ಹೊಡೆದು ಹಾಕಿದೆ. ಬಣ್ಣದ ಪದರಗಳು ಹಚ್ಚಿದ ಕ್ರಮದಲ್ಲೇ ಇರುತ್ತವೆ. ನನ್ನ ವಿಷಯದಲ್ಲಿ ಇಲ್ಲದೆ ಹೋದದ್ದು ಆ ಕ್ರಮವೇ.

ಬಣ್ಣ ಹೋದ ಮೇಲೆ ನೀರಲ್ಲಿ ತೊಳೆದು, ತಕ್ಷಣ ಒರೆಸಿ, ತಿನ್ನರ್ ಹಾಕಿದ ಬಟ್ಟೆಯಲ್ಲಿ ಮತ್ತೆ ಒರೆಸಬೇಕು. ಬೆತ್ತಲೆ ತಗಡು ನೀರಿನ ಜೊತೆ ಹತ್ತು ನಿಮಿಷ ಇದ್ದರೂ ಕಂದು ಬಣ್ಣಕ್ಕೆ ತಿರುಗುತ್ತದೆ. ಬಾನೆಟ್ಟಿನ ಒಂದು ಮೂಲೆಯಲ್ಲಿ ತಿರುಗಿಯೂ ಬಿಟ್ಟಿತು. ಮತ್ತೆ ಉಜ್ಜಿದೆ. ಬುಧವಾರ ಡಿಕ್ಕಿಯ ಮುಚ್ಚಳ ಮುಗಿಸಿ ಮೊದಲ ಬಾಗಿಲಿಗೆ ರಿಮೂವರ್ ಹಚ್ಚಿದೆ.

ರಿಮೂವರ್‌ನ ವಾಸನೆ ಕೆಟ್ಟದ್ದು. ಸಿಹಿ ವಾಸನೆ, ಮೊದಲು ಗೊತ್ತಾಗುವುದಿಲ್ಲ, ಆಮೇಲೆ ಹಣೆಯ ಹಿಂದೆ ಹೋಗಿ ಕೂರುತ್ತದೆ. ಮನೆಯ ಪರದೆಗಳಿಗೆ, ಅನ್ನಕ್ಕೆ, ನನ್ನ ಮೀಸೆಗೆ ಹತ್ತಿತ್ತು. ಗುರುವಾರ ಮಗಳನ್ನು ಚಿಕ್ಕಜಾಲದಿಂದ ಕರೆತರುವುದೆಂದು ಆಗಿತ್ತು. ಸೀಮಂತ ಗಂಡನ ಮನೆಯಲ್ಲಿ ಮುಗಿದಿತ್ತು. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು. ಹೆಂಡತಿ ಒಂದು ವಾರದಿಂದ ಮನೆಯಲ್ಲಿದ್ದ ಹಳೆಯ ಸೀರೆ ಪಂಚೆಗಳನ್ನು ಹರಿದು ಚೌಕಗಳನ್ನಾಗಿ ಮಾಡುತ್ತಿದ್ದಳು. ಕೂಸಿನ ಮೈಗೆ ಹೊಸ ಬಟ್ಟೆ ಒರಟು, ತೊಳೆದು ತೊಳೆದು ಸವೆದ ಹತ್ತಿಯೇ ಆಗಬೇಕು. ತೀರಿಹೋದ ನಮ್ಮತ್ತೆಯದು ಒಂದು ನೀಲಿ ಅಂಚಿನ ಬಿಳಿ ಸೀರೆ ಇತ್ತು. ವರ್ಷಗಟ್ಟಲೆ ಯಾರೂ ಉಡದೆ, ಯಾರಿಗೂ ಕೊಡದೆ ಇಟ್ಟದ್ದು. ಅದನ್ನೂ ಹರಿದಳು. ಹರಿಯುವಾಗ ಆದ ಸದ್ದಿಗೆ ತಾನೇ ಒಂದು ಗಳಿಗೆ ನಿಂತಳು.

ಇಲ್ಲಿಂದ ಮುಂದೆ ನನ್ನ ಬಳಿ ಎರಡು ದಾರಿಗಳಿವೆ.

ಒಂದು: ಗುರುವಾರ ಬೆಳಿಗ್ಗೆ ಹೆಂಡತಿ ತನ್ನ ತಮ್ಮನ ಕಾರಿನಲ್ಲಿ ಚಿಕ್ಕಜಾಲಕ್ಕೆ ಹೊರಡುವಾಗ ಗೇಟಿನ ಹತ್ತಿರ ತಿರುಗಿ ಹೇಳಿದಳು. "ನಾವ್ ಬರೋಷ್ಟ್ರಲ್ಲಿ ಆ ದರಿದ್ರದ ಡಬ್ಬ ಮುಚ್ಚಿಡ್ರೀ. ಬಸ್ರಿ ಹೆಂಗ್ಸು ಈ ವಾಸ್ನೇಲಿ ಹೆಂಗ್ ಇರ್ತಾಳೆ?" ನಾನು ಡಬ್ಬ ಮುಚ್ಚಿದೆ. ವಾಸನೆ ಬೇಡವೆಂದರೆ ಗ್ರೈಂಡರ್ ಇದೆಯಲ್ಲ, ಬರೀ ಧೂಳು ತಾನೇ ಎಂದುಕೊಂಡೆ. ಮನೆ ಖಾಲಿ. ಮಧ್ಯಾಹ್ನದ ಒಳಗೆ ಉಜ್ಜಿದೆ, ಗುಡಿಸಿದೆ. ಮೂರು ಗಂಟೆಗೆ ಮಗಳು ಬಂದಳು.

ಎರಡು: ಗುರುವಾರ ಮಗಳು ಬಂದಾಗ ಡಬ್ಬ ತೆರೆದೇ ಇತ್ತು. ಅವಳು ಗೇಟು ದಾಟಿದವಳೇ ನುಗ್ಗೆಮರ ಹಿಡಿದುಕೊಂಡು ವಾಂತಿ ಮಾಡಿದಳು. "ಅಪ್ಪಾ, ಏನಿದು ವಾಸ್ನೆ? ಪ್ಲೀಸ್ ನಿಲ್ಸಿ." ಅವತ್ತು ನಿಲ್ಲಿಸಿದೆ. ಶುಕ್ರವಾರ ಬೆಳಿಗ್ಗೆ ಗ್ರೈಂಡರ್ ಹಚ್ಚಿದೆ. ಅವಳು ಕಿಟಕಿಯ ಪಕ್ಕ ಕೂತು ಚೌಕಗಳ ಅಂಚು ಹೊಲಿಯುತ್ತಿದ್ದಳು.

ಯಾವ ದಾರಿಯಲ್ಲಿ ಹೋದರೂ ತಪ್ಪು ಒಂದೇ. ಬಸುರಿಗೆ ವಾಸನೆ ಆಗದು ಎಂದು ಧೂಳು ಎಬ್ಬಿಸಿದೆ. ವಾಸನೆ ಮೂಗಿಗೆ ಗೊತ್ತಾಗುತ್ತದೆ, ಮನೆಯವರೆಲ್ಲ ಬೈಯುತ್ತಾರೆ. ಧೂಳನ್ನು ಯಾರೂ ಬೈಯುವುದಿಲ್ಲ. ಇಪ್ಪತ್ತು ವರ್ಷ ಗ್ಯಾರೇಜಿನಲ್ಲಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಧೂಳಿನಲ್ಲೇ ಊಟ ಮಾಡಿದವನಿಗೆ ಅದು ಕೆಲಸದ ಒಂದು ಭಾಗ, ಬೇರೆ ವಸ್ತುವೇ ಅಲ್ಲ.

ಈಗ ಬಾಗಿಲು. ಬಾಗಿಲಿನ ಮಟ್ಟಸವಾದ ಭಾಗ ಸುಲಭವಾಗಿ ಆಯಿತು. ಗ್ರೈಂಡರಿನ ಡಿಸ್ಕ್ ತಗಡಿಗೆ ತಾಗಿದ ಕೂಡಲೇ ಕಿಡಿ ಹಾರುತ್ತದೆ. ಕಿಡಿ ಬಂತೆಂದರೆ ಬಣ್ಣ ಮುಗಿಯಿತು, ಉಕ್ಕು ಸಿಕ್ಕಿತು, ಕೈ ಮುಂದಕ್ಕೆ ಎಂದು ಅರ್ಥ. ಹೆಚ್ಚು ಹೊತ್ತು ಒಂದೇ ಕಡೆ ಒತ್ತಿದರೆ ತಗಡು ಕಾದು ಅಲೆಯಾಗಿ ಬಿಡುತ್ತದೆ. ಹಾಗಾಗಿ ಕಣ್ಣು ಕಿಡಿಯ ಮೇಲೆ, ಕೈ ಓಡುತ್ತಲೇ ಇರಬೇಕು. ಹಿಡಿಕೆಯಿಂದ ಕೆಳಗೆ ಬಂದೆ. ಹಿಂದಿನ ತುದಿಯ ಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಕಿಡಿ ನಿಂತಿತು.

ಕಿಡಿ ನಿಂತರೆ ಮೊದಲು ತಲೆಗೆ ಹೊಳೆಯುವುದು ಪಟ್ಟಿ, ಅಂದರೆ ತಗ್ಗು ತುಂಬಲು ಮೆತ್ತುವ ಲೇಪ. ಹಳೆಯ ಕಾರಿನಲ್ಲಿ ಅದು ಇದ್ದೇ ಇರುತ್ತದೆ, ಅದಕ್ಕೂ ಕಿಡಿ ಬರುವುದಿಲ್ಲ. ಹಾಗಾಗಿ ಮುಂದುವರಿಸಿದೆ. ಆದರೆ ಪಟ್ಟಿ ಪುಡಿಯಾಗಿ ಹಾರುತ್ತದೆ, ಹಿಟ್ಟಿನ ಹಾಗೆ. ಇದು ಪುಡಿಯಾದರೂ ಒಂದಷ್ಟು ಸವರಿಕೊಂಡು ಹೋಗುತ್ತಿತ್ತು. ಡಿಸ್ಕಿನ ಸದ್ದು ಮಂದವಾಯಿತು. ತಗಡಿನ ಮೇಲೆ ಬೆಳ್ಳಗೆ, ಸ್ವಲ್ಪ ನೀಲಿಯಾಗಿ, ಹಸಿಯಾಗಿ ಕಾಣುವ ಒಂದು ಹೊಳಪು ಬಂತು. ಡಿಸ್ಕಿನ ಮೈಗೆ ಬೂದು ಬಣ್ಣ ಮೆತ್ತಿಕೊಂಡಿತು. ಮಷೀನು ನಿಲ್ಲಿಸಿ ಉಗುರಿನಲ್ಲಿ ಗೀರಿದೆ. ಗೆರೆ ಬಿತ್ತು.

ಲೋಹದ ಮೇಲೆ ಉಗುರಿನ ಗೆರೆ ಬೀಳಬಾರದು.

ಗುಡಿಸಿದ್ದು ಇದಕ್ಕೆ ಮುಂಚೆಯೋ ಆಮೇಲೆಯೋ? ಗುಡಿಸಿದ್ದಂತೂ ನಿಜ. ಕಡ್ಡಿ ಪೊರಕೆಯಲ್ಲಿ, ಒಣಗಿದ ನೆಲವನ್ನೇ, ಜೋರಾಗಿ. ಹೆಸರಘಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು, ಪೊರಕೆಯ ಮುಂದಿದ್ದ ಬೂದು ಪುಡಿ ನನಗಿಂತ ಮುಂಚೆ ಹೋಗುತ್ತಿತ್ತು. ಉಳಿದದ್ದು ಮೋರಿಗೆ.

ಆಮೇಲೆ ಮೇಸ್ತ್ರಿಗೆ ಫೋನು ಮಾಡಿದೆ. ನನಗೆ ಕೆಲಸ ಕಲಿಸಿದವರು ಅವರು, ಈಗ ವಯಸ್ಸಾಗಿ ಹೆಬ್ಬಾಳದಲ್ಲಿ ಮಗನ ಮನೆಯಲ್ಲಿದ್ದಾರೆ.

"ಏನ್ ಮಗಾ, ಬದ್ಕಿದೀನಾ ಅಂತ ಚೆಕ್ ಮಾಡ್ತಿದೀಯಾ?"

ಮೂಲೆಯ ವಿಷಯ ಹೇಳಿದೆ.

"ಉಗುರಲ್ಲಿ ಗೀರು."

"ಗೀರ್ದೆ. ಗೆರೆ ಬಿತ್ತು."

ಅವರು ಟೀವಿಯ ಸದ್ದು ಕಡಿಮೆ ಮಾಡಿದರು. "ಸೀಸ ಕಣೋ ಅದು. ಪಟ್ಟಿ ಡಬ್ಬ ಬರೋಕ್ ಮುಂಚೆ ಡೆಂಟಿಗೆ ಅದನ್ನೇ ಕರಗ್ಸಿ ತುಂಬ್ತಿದ್ವಿ. ನಾನೇ ಎಷ್ಟ್ ಗಾಡಿಗೆ ತುಂಬಿದೀನಿ. ಅದುಕ್ಕೆ ಮಷೀನ್ ಹಾಕ್ಬಾರ್ದು, ಅದ್ರ ಧೂಳು ವಿಷ, ಅರದಲ್ಲಿ ನಿಧಾನಕ್ಕೆ ತಗೀಬೇಕು. ಕಿಡಿ ನಿಂತ್ರೆ ಕೈ ತಗಿ ಅಂತ ಹೇಳ್ಕೊಟ್ಟಿಲ್ವಾ ನಿಂಗೆ?"

"ಹೇಳ್ಕೊಟ್ಟಿದ್ರಿ."

"ಮತ್ತೆ? ಎಷ್ಟೊತ್ತು ಹೊಡ್ದೆ?"

"ಈಗಷ್ಟೇ ಮೇಸ್ತ್ರಿ. ತಕ್ಷಣ ನಿಲ್ಲಿಸ್ದೆ."

"ಹಂಗಾದ್ರೆ ಸರಿ. ಮನೇಲಿ ಮಕ್ಳು ಮರಿ ಯಾರೂ ಇಲ್ಲ ತಾನೇ?"

ನಾನು ಏನೋ ಹೇಳಿದೆ. ಏನೆಂದು ನೆನಪಿಲ್ಲ, ಅವರಿಗೂ ಇಲ್ಲ. ಕೇಳಿ ನೋಡಿದ್ದೇನೆ.

ಆ ಕರೆ ಮಾಡಿದ್ದು ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ. ಫೋನಿನಲ್ಲಿ ದಾಖಲಾಗಿದೆ. ಇದು ಸಿಕ್ಕಾಗ ಎಲ್ಲವೂ ಇತ್ಯರ್ಥವಾಯಿತು ಎಂದುಕೊಂಡೆ, ಆಗಲಿಲ್ಲ. ಉಜ್ಜಿದ್ದು ಶುಕ್ರವಾರವೇ ಆದರೆ ಮೇಸ್ತ್ರಿಗೆ ಹೇಳಿದ "ಈಗಷ್ಟೇ" ನಿಜ, ಆದರೆ ಮಗಳು ಕಿಟಕಿಯಲ್ಲಿದ್ದಳು. ಉಜ್ಜಿದ್ದು ಗುರುವಾರವಾದರೆ ಮನೆ ಖಾಲಿ ಇತ್ತು, ಆದರೆ ಉಗುರಿನ ಗೆರೆ ನೋಡಿದ ಮೇಲೂ ಇಡೀ ಒಂದು ದಿನ ನಾನು ಯಾರಿಗೂ ಏನೂ ಹೇಳದೆ, ಮಗಳನ್ನು ಅದೇ ಅಂಗಳ ದಾಟಿಸಿ ಒಳಗೆ ಕರೆದುಕೊಂಡು, ಊಟ ಮಾಡಿ, ಮಲಗಿ ಎದ್ದೆ. ಒಂದರಲ್ಲಿ ನಾನು ದಡ್ಡ. ಇನ್ನೊಂದರಲ್ಲಿ ಏನು ಎಂದು ಬರೆಯಲು ಕೈ ಬರುವುದಿಲ್ಲ.

ಶನಿವಾರ ಬೆಳಗಿನ ಐದು ಗಂಟೆಗೆ ಎದ್ದು ನೆಲ ಒರೆಸಿದೆ. ಒದ್ದೆ ಬಟ್ಟೆಯಲ್ಲಿ, ಗುಡಿಸದೆ. ಪೋರ್ಟಿಕೋ, ಮೆಟ್ಟಿಲು, ಕಿಟಕಿಯ ಸರಳು, ಕಿಟಕಿಯ ಹಲಗೆ, ನಡುಮನೆ. ಬಟ್ಟೆ ಹಿಂಡಿದ ನೀರನ್ನು ಬಕೆಟ್ಟಿನಲ್ಲಿಟ್ಟು ನೋಡಿದೆ. ಬೂದು ಬಣ್ಣ. ಶೆಟ್ಟಿಹಳ್ಳಿಯಲ್ಲಿ ಯಾವ ಮನೆಯ ನೆಲ ಒರೆಸಿದರೂ ನೀರು ಬೂದು ಬಣ್ಣವೇ ಬರುತ್ತದೆ, ಸುತ್ತ ಅಷ್ಟೊಂದು ಮನೆ ಕಟ್ಟುತ್ತಿದ್ದಾರೆ. ಅದನ್ನು ನೋಡಿ ಏನೂ ಗೊತ್ತಾಗಲಿಲ್ಲ. ಆದರೂ ಮತ್ತೆ ಒರೆಸಿದೆ. ಬಾಗಿಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಹಾಕಿದೆ. ಡಿಸ್ಕನ್ನು ಎರಡು ಕವರಿನೊಳಗೆ ಹಾಕಿ ಗಂಟು ಕಟ್ಟಿ ಡ್ರಮ್ಮಿನ ಹಿಂದೆ ಇಟ್ಟೆ. ನಾನು ತೊಟ್ಟಿದ್ದ ಅಂಗಿ ಪ್ಯಾಂಟು ಬೇರೆ ನೆನೆಹಾಕಿದೆ. ಇದೆಲ್ಲವನ್ನೂ ಯಾರೂ ಕೇಳದ ಹಾಗೆ ಮಾಡಿದೆ.

ಹೆಂಡತಿ ಏಳೂವರೆಗೆ ಕಾಫಿ ತಂದು ನೋಡಿ ಸುಮ್ಮನೆ ನಕ್ಕಳು.

ಭಾನುವಾರ ಮತ್ತೆ ಒರೆಸುತ್ತಿದ್ದಾಗ ಚಿಕ್ಕಜಾಲದಿಂದ ಬೀಗಿತ್ತಿ ಬಂದರು, ಸೊಸೆಗೆ ಎಂದು ಹುರಿದ ಕಡಲೆಬೀಜದ ಉಂಡೆ ಮಾಡಿಕೊಂಡು. ಮೆಟ್ಟಿಲ ಮೇಲೆ ಕಾಲಿಟ್ಟವರು ಹಾಗೇ ನಿಂತರು.

"ಏನ್ರಣ್ಣಾ ಇದು, ಇಂಗ್ ನೀರಾಕ್ಬಿಟ್ಟಿದೀರಾ? ನನ್ ಸೊಸೆ ಜಾರ್ ಬಿದ್ರೆ ಏನ್ ಗತಿ? ಒಟ್ಟೇಲಿ ಮಗ ಐತೆ ಅನ್ನೋದು ಗ್ನಾನ ಬ್ಯಾಡ್ವಾ?"

"ಒಣಗುತ್ತೆ ಅಕ್ಕಾ, ಈಗ ಒಣಗ್ಬಿಡುತ್ತೆ," ಎಂದು ಒಣಬಟ್ಟೆ ತರಲು ಓಡಿದೆ. ಓಡುವಾಗ ನಾನೇ ಜಾರಿದೆ. ಮಗಳು ಒಳಗಿನಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ನೀವೇ ಮೊದ್ಲು ಆಸ್ಪತ್ರೆ ಸೇರ್ತೀರ ಅನ್ಸುತ್ತೆ." ಬೀಗಿತ್ತಿಯೂ ನಕ್ಕರು. ಧೂಳಿಗೆ ಹೆದರಿ ನೀರು ಹಾಕಿದ್ದೆ, ಈಗ ನೀರಿಗೂ ಹೆದರಬೇಕಾಯಿತು. ಅವರೆಲ್ಲ ನಗುತ್ತಿರುವಾಗ ನನ್ನ ಕಣ್ಣು ತಂತಿಯ ಮೇಲಿತ್ತು. ಅಲ್ಲಿ ಬಿಳಿ ಚೌಕಗಳು ಸಾಲಾಗಿ ಹಾರಾಡುತ್ತಿದ್ದವು. ಅವನ್ನು ಒಗೆದು ಹಾಕಿದ್ದು ಯಾವತ್ತು ಎಂಬ ಪ್ರಶ್ನೆ ನನ್ನ ತಲೆಗೆ ಬಂದದ್ದು ಆಗ. ಅಲ್ಲಿಯವರೆಗೆ ನಾನು ನೆಲವನ್ನೇ ನೋಡಿದ್ದೆ, ಗಾಳಿ ಎಲ್ಲೆಲ್ಲಿ ಹೋಗಿತ್ತೆಂದು ಯೋಚಿಸಿರಲಿಲ್ಲ.

ಒಳಗೆ ಹೋಗಿ ಫೋನಿನಲ್ಲಿದ್ದ ಒಂದು ಫೋಟೊ ಹುಡುಕಿ ನೋಡಿದೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾಲೀಕರಿಗೆ ಕಳಿಸಲು ತೆಗೆದದ್ದು, ಬಾಗಿಲಿನ ಮಟ್ಟಸ ಭಾಗ ಬೆಳ್ಳಗೆ ಹೊಳೆಯುತ್ತಿದೆ. ಅದು ರಿಮೂವರ್ ಹಾಕಿ ತೆಗೆದ ಹೊಳಪೋ ಡಿಸ್ಕಿನ ಹೊಳಪೋ ಫೋಟೊದಲ್ಲಿ ಗೊತ್ತಾಗುವುದಿಲ್ಲ. ಮೂಲೆ ಚೌಕಟ್ಟಿನ ಹೊರಗಿದೆ. ಆದರೆ ತಗಡಿನೊಳಗೆ, ಪ್ರತಿಬಿಂಬವಾಗಿ, ಒಂದು ಬಿಳಿ ಮಚ್ಚೆ ಇದೆ. ದೊಡ್ಡದು ಮಾಡಿ ನೋಡಿದೆ, ಮಚ್ಚೆ ಒಡೆದು ಚುಕ್ಕೆಗಳಾಯಿತು. ತಂತಿಯ ಮೇಲಿನ ಬಟ್ಟೆ ಇರಬಹುದು. ಎದುರು ಮನೆಯ ಬಿಳಿ ನೀರಿನ ಟ್ಯಾಂಕೂ ಇರಬಹುದು.

ಸೋಮವಾರ ಯಲಹಂಕದಲ್ಲಿ ಡಾಕ್ಟರ ಹತ್ತಿರ ಮಗಳ ತಪಾಸಣೆ ಇತ್ತು. ಸಾಮಾನ್ಯವಾಗಿ ನಾನು ಹೊರಗಿನ ಬೆಂಚಿನಲ್ಲಿ ಕೂರುವವನು. ಅವತ್ತು ಒಳಗೆ ಹೋದೆ. ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಡಾಕ್ಟರು ಹೊಟ್ಟೆ ನೋಡಿದರು, ರಕ್ತದೊತ್ತಡ ನೋಡಿದರು, ಕಬ್ಬಿಣದ ಮಾತ್ರೆ ಮುಂದುವರಿಸಿ ಎಂದರು, ಚೀಟಿ ಬರೆದು ಮುಗಿಸಿದರು. ಮಗಳು ಎದ್ದು ನಿಂತಳು. ಆ ಕ್ಷಣದಲ್ಲಿ ಸುಮ್ಮನೆ ಎದ್ದು ಬಂದುಬಿಡುವುದು ಬಹಳ ಸುಲಭವಿತ್ತು. ಏನೂ ಆಗಿಲ್ಲ ಎಂದು ಚೀಟಿಯೇ ಹೇಳುತ್ತಿತ್ತು. ಕೂತೇ ಇದ್ದೆ.

"ಮೇಡಂ, ಒಂದ್ ವಿಷ್ಯ ಇದೆ."

ಹೇಳಿದೆ. ಬಾಗಿಲು, ಮೂಲೆ, ಉಗುರು, ಸೀಸ, ಪೊರಕೆ. ಹೆಂಡತಿ ನನ್ನ ಕಡೆ ತಿರುಗಿದ್ದು ಕಣ್ಣಂಚಿನಲ್ಲಿ ಕಾಣುತ್ತಿತ್ತು, ನಾನು ತಿರುಗಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಎಷ್ಟೊತ್ತು ಉಜ್ಜಿದ್ರಿ?"

"ಐದ್ ನಿಮಿಷ ಇರ್ಬಹುದು."

"ಇವರು ಎಲ್ಲಿದ್ರು ಆಗ?"

"ಇವ್ಳು ಬಂದೇ ಇರ್ಲಿಲ್ಲ," ಎಂದಳು ಹೆಂಡತಿ. "ಬಂದಿದ್ದೆ ಅಮ್ಮಾ," ಎಂದಳು ಮಗಳು. "ಆ ಸದ್ದಿಗೆ ನಂಗೆ ತಲೆನೋವು ಬಂದಿತ್ತಲ್ಲ." ಹೆಂಡತಿ: "ಅದು ಎದುರುಗಡೆ ಟೈಲ್ಸ್ ಕಟ್ ಮಾಡ್ತಿದ್ದಿದ್ದು ಕಣೇ." ಇಬ್ಬರೂ ನನ್ನನ್ನು ನೋಡಿದರು.

ಡಾಕ್ಟರು ಇಬ್ಬರಿಗೂ, ನನಗೂ ಮಗಳಿಗೂ, ರಕ್ತ ಪರೀಕ್ಷೆಗೆ ಬರೆದರು. ಆ ಸಾಮಾನನ್ನೆಲ್ಲ ಇವತ್ತೇ ಮನೆಯಿಂದ ಹೊರಗೆ ಕಳಿಸಿ ಎಂದರು. ಒದ್ದೆ ಬಟ್ಟೆಯಲ್ಲೇ ಒರೆಸಿ, ಗುಡಿಸಬೇಡಿ, ಕೆಲಸದ ಬಟ್ಟೆಯಲ್ಲಿ ಒಳಗೆ ಬರಬೇಡಿ. ಕೊನೆಗೆ, "ಇವತ್ತು ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದರು. ಆ ಮಾತಿಗೆ ನನಗೆ ಸಮಾಧಾನ ಆಗಬೇಕಿತ್ತು.

ಆಟೋ ಜಾಲಹಳ್ಳಿ ದಾಟಿತು.

"ಎರಡ್ ದಿನದಿಂದ ನೆಲ ಒರೆಸ್ತಿದ್ದಿದ್ದು ಇದಕ್ಕಾ?" ಎಂದಳು ಹೆಂಡತಿ. "ನಾನೊಬ್ಳು ಹುಚ್ಚಿ. ಮೊಮ್ಮಗು ಬರ್ತಿದೆ ಅಂತ ಖುಷಿಗೆ ಮಾಡ್ತಿದಾರೆ ಅನ್ಕೊಂಡಿದ್ದೆ. ನಮ್ಮಕ್ಕಂಗೆ ಫೋನ್ ಮಾಡಿ ಹೇಳಿದೀನಿ ಬೇರೆ."

ಮನೆಗೆ ಬಂದ ಮೇಲೆ ತಂತಿಯ ಮೇಲಿನ ಚೌಕಗಳ ವಿಷಯಕ್ಕೆ ಜಗಳವಾಯಿತು. ಎಸೆಯಬೇಕು ಎಂದೆ. ಶುಕ್ರವಾರ ಸಂಜೆ ಒಗೆದು ಹಾಕಿದ್ದು, ಉಜ್ಜಿದ ಮೇಲೆ, ಏನೂ ಆಗಿಲ್ಲ ಎಂದಳು ಹೆಂಡತಿ. ಗುರುವಾರ ನೀನು ಹೊರಡುವ ಮುಂಚೆಯೇ ಅಲ್ಲಿ ಬಿಳಿ ಇತ್ತು ಎಂದೆ. ಫೋಟೊ ತೋರಿಸಿದೆ.

"ಟ್ಯಾಂಕ್ ಅದು. ಕಣ್ ಕಾಣಲ್ವಾ?"

"ಬಟ್ಟೆ ಥರಾನೂ ಇದೆಯಮ್ಮಾ," ಎಂದಳು ಮಗಳು.

"ಅದು ನಮ್ಮಮ್ಮನ್ ಸೀರೆ ಕಣ್ರೀ. ಇನ್ನೊಂದು ಎಲ್ಲಿಂದ ತರ್ಲಿ? ಹತ್ತ್ ಸಲ ಒಗೀತೀನಿ, ಕುದಿಸ್ತೀನಿ."

ಮಗಳು ಒಂದು ದೊಡ್ಡ ಪ್ಲಾಸ್ಟಿಕ್ ಕವರು ತಂದಳು. ತಂತಿಯ ಹತ್ತಿರ ಹೋಗಲು ನಾನು ಬಿಡಲಿಲ್ಲ, ಕವರನ್ನು ನಾನೇ ಇಸಿದುಕೊಂಡೆ. ಒಂದೊಂದಾಗಿ, ಕೊಡವದೆ, ಒಳಕ್ಕೆ ಮಡಚಿ ಹಾಕಿದೆ. ನೀಲಿ ಅಂಚಿನವು ಬಂದಾಗ ಹೆಂಡತಿ ಒಳಗೆ ಹೋಗಿ ಮಿಕ್ಸಿ ಹಾಕಿದಳು. ಅಡುಗೆ ಆಗಲೇ ಮುಗಿದಿತ್ತು, ರುಬ್ಬುವುದಕ್ಕೆ ಏನೂ ಇರಲಿಲ್ಲ.

ಸಂಜೆ ಮಾಲೀಕರಿಗೆ ಫೋನು ಮಾಡಿ ಕೆಲಸ ಅರ್ಧಕ್ಕೆ ನಿಲ್ಲಿಸುತ್ತಿದ್ದೇನೆ ಎಂದೆ. ಕಾರಣ ಕೇಳಿದರು, ಹೇಳಿದೆ. ಎಷ್ಟು ಹೊತ್ತು ಉಜ್ಜಿದಿರಿ ಎಂದು ಅವರೂ ಕೇಳಿದರು. ಈ ಸಲ "ಹತ್ತು ನಿಮಿಷ" ಎಂದಿತು ನನ್ನ ಬಾಯಿ. ಅವರು ಬೈಯಲಿಲ್ಲ. ರಾತ್ರಿಯಾಗುವ ಮುಂಚೆಯೇ ಟೆಂಪೊ ತಂದರು, ಮಳೆಗೆ ಹೊದಿಸುವ ಟಾರ್ಪಾಲಿನ್ ತಂದರು. ಸುತ್ತಿದ ಬಾಗಿಲನ್ನು ಎತ್ತುವಾಗ ತಾವೇ ಒಂದು ತುದಿ ಹಿಡಿದರು.

"ಈ ಮೂಲೇಲಿ ಯಾರೋ ಗುದ್ದಿದಾರೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ ಕಣ್ರೀ. ಇಷ್ಟ್ ವರ್ಷ ಇದೇ ಬಾಗ್ಲು ತೆಗ್ದು ಮೊಮ್ಮಕ್ಕಳನ್ನ ಕೂರ್ಸಿದೀನಿ," ಎಂದರು. ಆಮೇಲೆ ತಮ್ಮ ಕೈಯನ್ನು ನೋಡಿಕೊಂಡು ಪಂಚೆಗೆ ಒರೆಸಲು ಹೋದವರು, ಒರೆಸದೆ, ನಲ್ಲಿ ಎಲ್ಲಿದೆ ಎಂದು ಕೇಳಿದರು.

ರಿಪೋರ್ಟು ಬರಲು ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಹೊತ್ತಿನ ಲೆಕ್ಕ ಹಿಡಿಯಲು ಯತ್ನಿಸಿದ್ದು. ಡ್ರಮ್ಮಿನ ಹಿಂದೆಯೇ ಉಳಿದಿದ್ದ ತೆಳು ಕವರು ಬಿಚ್ಚದೆ, ಹೊರಗಿನಿಂದಲೇ ಡಿಸ್ಕನ್ನು ನೋಡಿದೆ. ಅಂಚಿನಿಂದ ಸುಮಾರು ಅರ್ಧದವರೆಗೆ ಬೂದು ಮೆತ್ತಿಕೊಂಡಿತ್ತು. ಅಷ್ಟು ಮೆತ್ತಲು ಎಷ್ಟು ಹೊತ್ತು ಬೇಕು? ಮೇಸ್ತ್ರಿಯನ್ನು ಕೇಳಿದೆ. "ಒತ್ತಿ ಹಿಡಿದ್ರೆ ಒಂದ್ ನಿಮ್ಷ, ಸವರಿದ್ರೆ ಅರ್ಧ ಗಂಟೆ. ನೀನ್ ಹೆಂಗ್ ಹಿಡಿದಿದ್ದೆ?" ಎಂದರು. ಎದುರು ಮನೆಯವರನ್ನು, ನಮ್ಮಲ್ಲಿ ಮಷೀನಿನ ಸದ್ದು ಬಂದದ್ದು ಗುರುವಾರವೋ ಶುಕ್ರವಾರವೋ ಎಂದು ಕೇಳಿದೆ. "ನಿಮ್ದು ಸದ್ದು ಇಲ್ದಿರೋ ದಿನ ಯಾವ್ದು ಹೇಳಿ, ಅದು ಬೇಕಾದ್ರೆ ಜ್ಞಾಪಕ ಇಟ್ಕೊಂಡಿದೀವಿ," ಎಂದರು.

ಮಗಳ ರಿಪೋರ್ಟು ನೋಡಿ ಡಾಕ್ಟರು, "ಗಾಬರಿ ಪಡೋವಷ್ಟಿಲ್ಲ," ಎಂದರು. "ಸೊನ್ನೆ ಅಂತಲ್ಲ. ಇದ್ದಿದ್ದು ನಿಮ್ ಬಾಗಿಲಿಂದ ಬಂತಾ, ಬೇರೆ ಕಡೆಯಿಂದ ಬಂತಾ, ಹಳೇದಾ ಹೊಸದಾ, ಈ ಕಾಗದ ಹೇಳಲ್ಲ." ನನ್ನದು ಅವಳದಕ್ಕಿಂತ ತುಂಬಾ ಜಾಸ್ತಿ ಇತ್ತು. ಗ್ಯಾರೇಜಿನ ವರ್ಷಗಳದು ಇರಬಹುದು ಎಂದರು. ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡೆ. ಹೆಂಡತಿ ಕೇಳಿದಾಗ "ನಂದೂ ಅಷ್ಟೇ" ಎಂದೆ. ಮತ್ತೆ ಮುಚ್ಚಿಡಲು ಶುರು ಮಾಡಿದೆಯಾ ಎಂದು ನನಗೇ ಅನ್ನಿಸಿ, ಅವತ್ತು ಸಂಜೆಯೇ ತೋರಿಸಿದೆ.

ಮೊಮ್ಮಗಳು ಹುಟ್ಟಿದಳು. ದಿನ ತುಂಬಿ, ಸರಿಯಾದ ತೂಕದಲ್ಲಿ, ಜೋರು ಗಂಟಲಿನಲ್ಲಿ. ಅವಳ ರಕ್ತವನ್ನೂ ನೋಡಿದರು, ಚಿಂತೆ ಬೇಡ, ಮುಂದೆ ಮತ್ತೆ ನೋಡೋಣ ಎಂದರು. ಈಗ ನಾನು ಮನೆಯಲ್ಲಿ ಬಣ್ಣದ ಕೆಲಸ ಮಾಡುವುದಿಲ್ಲ. ಒಬ್ಬರ ಶೆಡ್ಡಿಗೆ ಹೋಗುತ್ತೇನೆ. ಅಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರುತ್ತೇನೆ. ಬಂದ ಮೇಲೂ ಮಗುವನ್ನು ಎತ್ತಿಕೊಳ್ಳುವ ಮುಂಚೆ ಇನ್ನೊಂದು ಸಲ ಕೈ ತೊಳೆಯುತ್ತೇನೆ. ಮಗಳು ನಗುತ್ತಾಳೆ, ಆದರೆ ತೊಳೆಯುವವರೆಗೆ ಕೊಡುವುದಿಲ್ಲ.

ಮೊನ್ನೆ ಮಗುವನ್ನು ನನ್ನ ಕೈಗೆ ಕೊಟ್ಟಾಗ ಸುತ್ತಿದ ಬಟ್ಟೆಗೆ ನೀಲಿ ಅಂಚು ಇತ್ತು. ನಾನು ಹೆಂಡತಿಯ ಮುಖ ನೋಡಿದೆ.

"ಇದು ತಂತಿ ಮೇಲೆ ಇರ್ಲಿಲ್ಲ," ಎಂದಳು. "ಇದೊಂದು ಒಗೆಯೋಕೇ ಹಾಕಿರ್ಲಿಲ್ಲ, ಪೆಟ್ಟಿಗೇಲೇ ಇತ್ತು. ನಂಗೆ ಚೆನ್ನಾಗ್ ನೆನಪಿದೆ."

ಚೆನ್ನಾಗಿ ನೆನಪಿದೆ ಎನ್ನುವವರ ಮೇಲೆ ನನಗೆ ಈಗ ಹೊಟ್ಟೆಕಿಚ್ಚು. ಅವಳನ್ನು ನಂಬಿದೆನೋ, ನಂಬದೆ ಸುಮ್ಮನಾದೆನೋ ಹೇಳಲಾರೆ. ಮಗು ಆ ಅಂಚನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಮೆಲ್ಲಗೆ ಬಿಡಿಸಿ ನನ್ನ ಬೆರಳು ಕೊಟ್ಟೆ. ಆಮೇಲೆ ಬೆರಳನ್ನೂ ಹಿಂದಕ್ಕೆ ತೆಗೆದುಕೊಂಡೆ.

ಅದು ಗುರುವಾರವೋ ಶುಕ್ರವಾರವೋ ಗೊತ್ತಿಲ್ಲ. ಫೋಟೊದಲ್ಲಿನ ಬಿಳಿ ಯಾವುದೆಂದು ಗೊತ್ತಿಲ್ಲ. ಮೇಸ್ತ್ರಿಗೆ ತಕ್ಷಣ ಎಂದೆ, ಡಾಕ್ಟರಿಗೆ ಐದು ನಿಮಿಷ ಎಂದೆ, ಮಾಲೀಕರಿಗೆ ಹತ್ತು ಎಂದೆ. ಆ ಮೂಲೆಯಲ್ಲಿ ಕಿಡಿ ನಿಂತ ಮೇಲೆ ಎಷ್ಟು ಹೊತ್ತು ಕೈ ತೆಗೆಯದೆ ಉಜ್ಜಿದೆ ಎಂಬುದು ನನಗೆ ಗೊತ್ತಿಲ್ಲ.